ಪಕ್ಕದ ಸೀಟಿನ ವೇದಾಂತ

ನನಗೊಂದು ಕಾಯಿಲೆಯಿದೆ. ಅದರಿಂದ ಯಾರೂ ಸತ್ತದ್ದಿಲ್ಲ. ಜೊತೆಯಲ್ಲಿರುವವರಿಗೆ ಆಗಾಗ ಸಾಕುಸಾಕಾಗುತ್ತದೆ, ಅಷ್ಟೇ. ಯಾವುದನ್ನೂ ಅದು ಇದ್ದ ಹಾಗೆ ನೋಡಿ ಸುಮ್ಮನಿರಲು ನನ್ನಿಂದಾಗುವುದಿಲ್ಲ. ಕೆಸುವಿನ ಎಲೆಯ ಮೇಲೆ ನೀರಹನಿ ಉರುಳಿದರೆ ‘ನೋಡು, ಸಂಸಾರದಲ್ಲಿ ಹೀಗಿರಬೇಕು, ಅಂಟಿಕೊಳ್ಳಬಾರದು’ ಎನ್ನುತ್ತೇನೆ. ಭರಣಿ ಬಿದ್ದು ಒಡೆದರೆ ‘ಒಳಗಿನ ಆಕಾಶ ಹೊರಗಿನ ಆಕಾಶವನ್ನು ಸೇರಿತು’ ಎನ್ನುತ್ತೇನೆ. ಅದರಲ್ಲಿ ವರ್ಷಕ್ಕಾಗುವಷ್ಟು ಮಿಡಿ ಉಪ್ಪಿನಕಾಯಿ ಇತ್ತೆಂಬುದು ಆಮೇಲೆ ಹೆಂಡತಿಯ ಮುಖ ನೋಡಿದಾಗ ನೆನಪಾಗುತ್ತದೆ.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಂಸ್ಕೃತ ಪಾಠ ಮಾಡಿದ್ದರಿಂದ ಅಂಟಿದ್ದು ಇದು. ನಮ್ಮ ಹಿರಿಯರು ದೊಡ್ಡ ಮಾತುಗಳನ್ನೆಲ್ಲ ಸಣ್ಣ ವಸ್ತುಗಳಲ್ಲಿ ಕಟ್ಟಿಟ್ಟು ಹೋಗಿದ್ದಾರೆ: ಹಗ್ಗ, ಹಾವು, ಮಡಕೆ, ಹಕ್ಕಿ, ರಥ, ದೋಣಿ. ನಾನು ಆ ಗಂಟನ್ನು ಹೊತ್ತುಕೊಂಡೇ ತಿರುಗುವವನು. ಇಷ್ಟು ಹೇಳಿದ ಮೇಲೆ ನೀವು ನನ್ನನ್ನೊಬ್ಬ ಶಾಂತ ಮನುಷ್ಯ ಎಂದು ತಿಳಿದಿದ್ದರೆ ದಯವಿಟ್ಟು ತಿದ್ದಿಕೊಳ್ಳಿ. ಬಸ್ಸು ಒಂಬತ್ತಕ್ಕಾದರೆ ನಾನು ಎಂಟಕ್ಕೇ ಚಪ್ಪಲಿ ಹಾಕಿಕೊಂಡು ಅಂಗಳದಲ್ಲಿ ಶತಪಥ ತಿರುಗುತ್ತಿರುತ್ತೇನೆ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದೆ ಬಂದದ್ದು ಎಷ್ಟು ಸಲವೋ. ಶಾಂತಿಯ ಬಗ್ಗೆ ಇಷ್ಟೊಂದು ಉಪಮೆಗಳನ್ನು ಕೂಡಿಹಾಕುವವನು ಶಾಂತನಾಗಿರಲು ಸಾಧ್ಯವೇ? ಅಡುಗೆಮನೆಗೆ ಪದೇಪದೇ ಇಣುಕುವವನು ಹಸಿದವನೇ ತಾನೆ?

ನನ್ನ ಹೆಂಡತಿ ವಾರಿಜಳದು ನೇರ ವಿರುದ್ಧ ಜಾತಕ. ಅವಳು ಪಶು ವೈದ್ಯಕೀಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವಳು. ಡಾಕ್ಟರಲ್ಲ, ಆದರೆ ಕಡಬದಿಂದ ಉಪ್ಪಿನಂಗಡಿಯವರೆಗೆ ಹಟ್ಟಿಯಲ್ಲಿ ದನವಿರುವ ಯಾರಿಗೂ ಅದು ಗೊತ್ತಿಲ್ಲ. ಎಲ್ಲರಿಗೂ ಅವಳು ಡಾಕ್ಟ್ರಮ್ಮ. ಮೊದಲು ಸ್ಕೂಟರಿನಲ್ಲಿ, ಆಮೇಲೆ ಸಣ್ಣದೊಂದು ಕಾರಿನಲ್ಲಿ ಗುಡ್ಡ ಹತ್ತಿ ಗುಡ್ಡ ಇಳಿದು ತಿರುಗಿದಳು. ನಿವೃತ್ತಳಾದ ಮೇಲೂ ಫೋನು ನಿಲ್ಲಲಿಲ್ಲ. ನಾನು ಕಾರು ಕಲಿಯಲೇ ಇಲ್ಲ. ಹೆದರಿಕೆ ಎಂದು ಒಪ್ಪಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಅದಕ್ಕೂ ಒಂದು ಉಪಮೆ ಹುಡುಕಿದ್ದೆ. ತರಗತಿಯಲ್ಲಿ ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ರಥದ ಚಿತ್ರ ಬರೆಯುತ್ತಿದ್ದೆ: ದೇಹವೇ ರಥ, ಇಂದ್ರಿಯಗಳು ಕುದುರೆ, ಮನಸ್ಸು ಕಡಿವಾಣ, ಬುದ್ಧಿ ಸಾರಥಿ, ಆತ್ಮ ಸುಮ್ಮನೆ ಕೂತ ಯಜಮಾನ. ಕಾರಿನಲ್ಲಿ ವಾರಿಜಳ ಪಕ್ಕ ಕೂತು ‘ನೀನು ಸಾರಥಿ, ನಾನು ಸುಮ್ಮನೆ ಕೂತವನು’ ಎಂದು ನಗುತ್ತಿದ್ದೆ. ಒಂದೇ ಮರದಲ್ಲಿ ಎರಡು ಹಕ್ಕಿ, ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ನೋಡುತ್ತಾ ಕೂರುತ್ತದೆ ಎಂಬ ಇನ್ನೊಂದು ಚಿತ್ರವನ್ನೂ ಒಮ್ಮೆ ಹೇಳಿದೆ. ನಾನು ನೋಡುವ ಹಕ್ಕಿ ಎಂದೆ.

ವಾರಿಜ ಗೇರು ಬದಲಿಸುತ್ತಾ ಕೇಳಿದಳು, “ಆ ನೋಡುವ ಹಕ್ಕಿಗೆ ರಾತ್ರಿ ಊಟಕ್ಕೆ ಹಾಕುದು ಯಾರು ಮಾರಾಯ್ರೆ?”

ಕಳೆದ ವರ್ಷ ದೀಪಾವಳಿ ಕಳೆದು ನಾಲ್ಕು ದಿನವಾಗಿತ್ತು. ಇಚಿಲಂಪಾಡಿಯ ನಮ್ಮ ಮನೆಯಿಂದ ಎರಡು ಮೈಲಿ ದೂರದ ಒಂದು ಹಟ್ಟಿಯಲ್ಲಿ ಎಮ್ಮೆಯೊಂದು ಬೆದರಿ ಅವಳನ್ನು ಗೋಡೆಗೆ ಒತ್ತಿತು. ಎಡಭುಜದ ಎಲುಬು ಮೂರು ಕಡೆ ಬಿರಿಯಿತು. ಪುತ್ತೂರಿನಲ್ಲಿ ಆಪರೇಷನ್ ಆಯಿತು, ಪ್ಲೇಟು ಹಾಕಿದರು. ಡಾಕ್ಟರು ಒಳ್ಳೆಯವರು, ಮುಚ್ಚಿಡದೆ ಹೇಳಿದರು: ಕೈ ಉಳಿಯುತ್ತದೆ, ಆದರೆ ಮೊದಲಿನ ಕೈ ಅಲ್ಲ. ಗೇರು ಹಾಕಲು ಆಗಲಿಕ್ಕಿಲ್ಲ. ದನಗಳ ಕೆಲಸ ಮರೆತುಬಿಡಬೇಕು. ವಾರಕ್ಕೆ ಮೂರು ಸಲ ಪುತ್ತೂರಿಗೆ ಬಂದು ಫಿಸಿಯೋಥೆರಪಿ ಮಾಡಿಸಿಕೊಳ್ಳಬೇಕು.

ಮನೆಗೆ ಬಂದ ಮೊದಲ ವಾರ ನಾನು ನನ್ನ ಗಂಟು ಬಿಚ್ಚಿದೆ. ನೋವಿನ ಬಗ್ಗೆ ಬೌದ್ಧರದೊಂದು ಸೊಗಸಾದ ಮಾತಿದೆ: ಮೊದಲ ಬಾಣ ಹೊರಗಿನಿಂದ ಬಂದು ತಾಗುತ್ತದೆ, ಎರಡನೆಯದನ್ನು ಚಿಂತೆಮಾಡಿ ನಾವೇ ಹೊಡೆದುಕೊಳ್ಳುತ್ತೇವೆ. ಇದನ್ನು ಅವಳ ಮಂಚದ ಪಕ್ಕ ಕೂತು ಬಹಳ ಪ್ರೀತಿಯಿಂದಲೇ ವಿವರಿಸಿದೆ.

ಅವಳು ಮುಗಿಯುವವರೆಗೆ ಕೇಳಿದಳು. “ಎರಡಾಯ್ತಾ? ಮೂರನೇದ್ದು ಈಗ ನೀವು ಹೊಡೀತಾ ಇದ್ದೀರಿ,” ಎಂದು ಗೋಡೆಯ ಕಡೆ ತಿರುಗಿದಳು.

ತಿರುಗಲು ಅವಳಿಗೆ ನೋವಾಯಿತು. ಆದರೂ ತಿರುಗಿದಳು. ನಾನು ಎದ್ದು ಅಂಗಳಕ್ಕೆ ಹೋದೆ, ಬಂದೆ, ಮತ್ತೆ ಹೋದೆ.

ಪುತ್ತೂರಿಗೆ ಬಾಡಿಗೆ ರಿಕ್ಷಾದಲ್ಲಿ ಹೋಗಿಬರುತ್ತಿದ್ದೆವು. ಪ್ರತಿ ಹೊಂಡಕ್ಕೂ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು, ಆದರೆ ಬಾಯಿ ಬಿಡುತ್ತಿರಲಿಲ್ಲ. ನಮ್ಮ ಕಾರು ಶೆಡ್ಡಿನಲ್ಲಿ ಧೂಳು ತಿನ್ನುತ್ತಾ ನಿಂತಿತ್ತು. ದನದವರ ಫೋನು ಬಂದರೆ “ನನಗೆ ಈಗ ಆಗುದಿಲ್ಲ, ಬೇರೆಯವರಿಗೆ ಹೇಳಿ,” ಎಂದು ಇಡುತ್ತಿದ್ದಳು. ಆಮೇಲೆ ಫೋನು ಎತ್ತುವುದನ್ನೇ ನಿಲ್ಲಿಸಿದಳು. ಒಂದು ಮಧ್ಯಾಹ್ನ ಶೆಡ್ಡಿನ ಕಡೆಯಿಂದ ಬಾಗಿಲು ಹಾಕಿದ ಸದ್ದು ಕೇಳಿ ಹೋಗಿ ನೋಡಿದರೆ, ವಾರಿಜ ಕಾರಿನ ಡ್ರೈವರ್ ಸೀಟಿನಲ್ಲಿ ಕೂತಿದ್ದಾಳೆ. ಬಲಗೈಯಿಂದ ಎಡಗೈಯನ್ನು ಎತ್ತಿ ಗೇರಿನ ಮೇಲೆ ಇಡುತ್ತಿದ್ದಾಳೆ. ಅದು ಜಾರಿ ಬೀಳುತ್ತಿದೆ. ಮತ್ತೆ ಎತ್ತಿ ಇಡುತ್ತಿದ್ದಾಳೆ.

ಅವಳಿಗೆ ಕಾಣದ ಹಾಗೆ ನಾನು ಹಿಂದೆ ಸರಿದೆ. ಗಂಟಿನಲ್ಲಿ ಅದಕ್ಕೊಂದು ಉಪಮೆ ಖಂಡಿತ ಇತ್ತು. ತೆಗೆಯಲು ನಾಚಿಕೆಯಾಯಿತು.

ಮರುದಿನ ಕಡಬಕ್ಕೆ ಹೋಗಿ ಡ್ರೈವಿಂಗ್ ಸ್ಕೂಲಿಗೆ ಹೆಸರು ಕೊಟ್ಟೆ. ನನಗಾಗ ಅರುವತ್ತೆರಡು.

ಕಲಿಸುವವಳು ಹರಿಣಾಕ್ಷಿ, ಸುಳ್ಯದ ಕಡೆಯ ಹುಡುಗಿ. ಮನೆಗೆ ಫೋನು ಮಾಡಿದರೆ ಅಮ್ಮನೊಡನೆ ಆ ಕಡೆಯ ಅರೆಭಾಷೆ, ಗ್ಯಾರೇಜಿನವರೊಡನೆ ತುಳು, ಕಲಿಯುವವರೊಡನೆ ಕನ್ನಡ. ಮೂರರಲ್ಲೂ ಒಂದೇ ವೇಗ. ಮೊದಲ ದಿನ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮಾಷ್ಟ್ರೆ, ಕಲಿತೇ ಕಲೀತೀರಿ. ಆದ್ರೆ ನನಗೆ ಪಾಠ ಮಾಡ್ಬೇಡಿ,” ಎಂದಳು. ನನ್ನ ಖ್ಯಾತಿ ಅಲ್ಲಿಯವರೆಗೆ ತಲುಪಿತ್ತೆಂದು ಕಾಣುತ್ತದೆ.

ಎಲ್ಲೆಲ್‌ ಎಂಬ ಕಲಿಯುವವರ ಲೈಸೆನ್ಸಿನ ಪರೀಕ್ಷೆಯಲ್ಲಿ ನಾನು ಒಂದೂ ತಪ್ಪಿಲ್ಲದೆ ಪಾಸಾದೆ. ಚಿಹ್ನೆ ತೋರಿಸಿ ಅರ್ಥ ಕೇಳುತ್ತಾರೆ. ಅದು ನನ್ನ ಕಸುಬು. ತೊಂದರೆ ಶುರುವಾದದ್ದು ಚಿಹ್ನೆಗಳು ಮುಗಿದು ವಾಹನ ಶುರುವಾದಾಗ. ನಮ್ಮಲ್ಲಿ ಭಕ್ತಿಯನ್ನು ವಿವರಿಸುವವರು ಎರಡು ಮರಿಗಳ ಮಾತು ಹೇಳುತ್ತಾರೆ. ಮಂಗನ ಮರಿ ತಾನೇ ತಾಯಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ; ಬೆಕ್ಕಿನ ಮರಿ ಏನೂ ಮಾಡದೆ ಜೋತುಬೀಳುತ್ತದೆ, ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಮೂವತ್ತು ವರ್ಷ ವಾರಿಜಳ ಪಕ್ಕದಲ್ಲಿ ಬೆಕ್ಕಿನ ಮರಿಯಾಗಿದ್ದವನು ಒಂದೇ ದಿನದಲ್ಲಿ ಮಂಗನ ಮರಿಯಾದೆ. ಸ್ಟೇರಿಂಗನ್ನು ನಾನು ಹಿಡಿದ ರೀತಿಗೆ ಬೆರಳ ಗಂಟುಗಳು ಬಿಳಿಯಾಗಿದ್ದವು.

“ಹಿಡ್ಕೊಳ್ಳಿ ಮಾಷ್ಟ್ರೆ, ಹಿಂಡ್ಬೇಡಿ. ಅದು ಹಾಲು ತೆಗೆಯುವ ಕಾಯಿತುರಿ ಅಲ್ಲ,” ಎಂದಳು ಹರಿಣಾಕ್ಷಿ.

ಐದನೆಯ ದಿನವೋ ಆರನೆಯ ದಿನವೋ ಆಲಂಕಾರಿನ ದಾರಿಯಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ. ಹೇಗೂ ಅವಳು ಕಡಬಕ್ಕೆಲ್ಲ ಹೇಳಿಯಾಗಿದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಿತ್ತು. ಮುಂದೆ ರಸ್ತೆಗೆ ಅಡ್ಡವಾಗಿ ಉದ್ದಕ್ಕೆ ಏನೋ ಕಂಡಿತು. ಹಾವು! ಮರುಕ್ಷಣವೇ ಒಳಗಿನ ಸಂಸ್ಕೃತ ಮೇಷ್ಟ್ರು ಎದ್ದು ಕೂತರು. ಅರೆಬೆಳಕಿನಲ್ಲಿ ಹಗ್ಗವೇ ಹಾವಾಗಿ ಕಾಣುವುದು, ಹೆದರಿಕೆಯೆಲ್ಲ ಅಜ್ಞಾನದಿಂದ ಹುಟ್ಟುವುದು, ಧೈರ್ಯವಾಗಿ ಮುಂದುವರಿ ಎಂದರು. ನಾನು ಮುಂದುವರಿದೆ. ಹರಿಣಾಕ್ಷಿ ತನ್ನ ಕಾಲಡಿಯ ಇನ್ನೊಂದು ಬ್ರೇಕನ್ನು ಒತ್ತಿ ಗಾಡಿಯನ್ನು ನಿಲ್ಲಿಸಿದಳು. ಆಳುದ್ದದ ಕೇರೆಹಾವೊಂದು ನಮ್ಮ ಮುಂದೆ ಸಾವಕಾಶ ರಸ್ತೆ ದಾಟಿ ಪೊದೆಯೊಳಗೆ ಹೋಯಿತು.

“ಕಾಣ್ಲಿಲ್ವಾ ನಿಮಗೆ?”

“ಕಂಡಿತು. ಹಗ್ಗ ಅಂದುಕೊಂಡೆ.”

“ಹಗ್ಗ ನಡ್ಕೊಂಡು ಹೋಗ್ತದಾ ಮಾಷ್ಟ್ರೆ?”

ಹಗ್ಗವನ್ನು ಹಾವೆಂದು ನೋಡುವವರಿಗೆ ಸಾವಿರ ವರ್ಷದಿಂದ ಬುದ್ಧಿ ಹೇಳುತ್ತಾ ಬಂದಿದ್ದೇವೆ. ಹಾವನ್ನು ಹಗ್ಗವೆಂದು ನೋಡುವವರಿಗೆ ಹೇಳುವವರು ಯಾರೂ ಇದ್ದ ಹಾಗಿಲ್ಲ. ಯೋಚಿಸಿದರೆ, ನಾನು ಜೀವಮಾನವಿಡೀ ಮಾಡಿದ್ದು ಅದನ್ನೇ ಇರಬಹುದು. ಹೆದರುವಂಥದ್ದು ಎದುರಾದಾಗಲೆಲ್ಲ ಅದಕ್ಕೆ ಹಗ್ಗವೆಂದು ಹೆಸರಿಟ್ಟು ಕಣ್ಣು ಮುಚ್ಚಿ ದಾಟಿದ್ದೇನೆ. ಬ್ರೇಕು ಒತ್ತಿದವರು ಬೇರೆ ಯಾರೋ.

ಆದರೂ ಗಂಟು ಪೂರ್ತಿ ಖಾಲಿಯಲ್ಲ. ಹಾಫ್ ಕ್ಲಚ್ಚಿನಲ್ಲಿ ನಾನು ಎರಡು ವಾರ ಒದ್ದಾಡಿದೆ. ಏರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಹೊರಡಿಸಬೇಕು. ಕಾಲು ಜಾಸ್ತಿ ಬಿಟ್ಟರೆ ಕೆಮ್ಮಿ ನಿಲ್ಲುತ್ತದೆ, ಒತ್ತಿದರೆ ಹಿಂದೆ ಜಾರುತ್ತದೆ. ಹರಿಣಾಕ್ಷಿ ಎಲ್ಲ ರೀತಿಯಲ್ಲಿ ಹೇಳಿ ಸೋತಳು. ಕೊನೆಗೊಂದು ದಿನ ಮನೆಯಲ್ಲಿ ಬೆಳಗಿನ ಕಾಫಿ ಕುಡಿಯುವಾಗ ನನಗೊಂದು ಹಳೆಯ ಕಥೆ ನೆನಪಾಯಿತು. ಸಾಧನೆಯಲ್ಲಿ ಅತಿ ಹಟ ಹಿಡಿದು ಅಂಗಾಲು ನೆತ್ತರು ಮಾಡಿಕೊಂಡ ಭಿಕ್ಷುವೊಬ್ಬನಿಗೆ ಗುರು ಕೇಳುತ್ತಾನೆ: ನೀನು ಹಿಂದೆ ವೀಣೆ ನುಡಿಸುತ್ತಿದ್ದೆಯಲ್ಲ, ತಂತಿ ಬಿಗಿಯಾದರೆ ಏನಾಗುತ್ತದೆ, ಸಡಿಲವಾದರೆ ಏನಾಗುತ್ತದೆ? ಈ ಕಥೆಯನ್ನು ನೂರಾರು ಮಕ್ಕಳಿಗೆ ಹೇಳಿದ್ದೆ. ಅಂದು ಕ್ಲಚ್ಚಿನ ಮೇಲೆ ಕಾಲಿಟ್ಟು ಸದ್ದು ಕೇಳುತ್ತಾ ಕೂತೆ. ಕಾಲಡಿ ಎಲ್ಲೋ ಸಣ್ಣಗೆ ನಡುಕ ಶುರುವಾಯಿತು, ಎಂಜಿನ್ನಿನ ಸ್ವರ ಒಂದು ಮೆಟ್ಟಿಲು ಇಳಿಯಿತು. ಅಲ್ಲೇ ಹಿಡಿದೆ. ಗಾಡಿ ಏರು ಹತ್ತಿತು.

“ಯಾರು ಹೇಳಿಕೊಟ್ರು ಮಾಷ್ಟ್ರೆ ನಿಮಗೆ?” ಎಂದು ಹರಿಣಾಕ್ಷಿ ಸ್ವಲ್ಪ ಅಸೂಯೆಯಿಂದಲೇ ಕೇಳಿದಳು. ಪಾಠ ಮಾಡಬಾರದೆಂಬ ಕರಾರಿತ್ತಲ್ಲ, ಸುಮ್ಮನೆ ನಕ್ಕೆ. ಹೇಳುವುದಕ್ಕಿಂತ ಕಾಲಲ್ಲಿ ಇಟ್ಟುಕೊಳ್ಳುವುದೇ ಸುಖವಾಗಿತ್ತು.

ಪುತ್ತೂರಿನಲ್ಲಿ ಪರೀಕ್ಷೆ. ಮೊದಲ ಸಲ ಹಿಂದಕ್ಕೆ ಬರುವಾಗ ಒಂದು ಕಂಬವನ್ನು ಬೀಳಿಸಿದೆ. ಅಧಿಕಾರಿ ನನ್ನ ಬಿಳಿಕೂದಲು ನೋಡಿ ಮರುಕದಿಂದಲೇ “ಇನ್ನೊಮ್ಮೆ ಬನ್ನಿ ಸರ್” ಎಂದರು. ಹದಿನೆಂಟರ ಹುಡುಗರ ಸಾಲಿನಲ್ಲಿ ತಲೆತಗ್ಗಿಸಿ ಹೊರಬಂದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗಳನ್ನು ಪರೀಕ್ಷೆಗೆ ಕರೆತಂದಿದ್ದ. “ಸರ್, ನೀವು ಹೇಳ್ತಿದ್ರಿ, ಸೋಲು ಗೆಲುವು ಎರಡನ್ನೂ ಒಂದೇ ಸಮ ನೋಡ್ಬೇಕು ಅಂತ,” ಎಂದ. ಅವನ ಮಗಳು ಪಾಸಾಗಿದ್ದಳು. ಆ ಮಾತಿಗೆ ಎಷ್ಟು ಕೋಪ ಬರುತ್ತದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಮೂವತ್ತು ವರ್ಷದಲ್ಲಿ ಎಷ್ಟು ಮಕ್ಕಳಿಗೆ ಆ ಕೋಪ ಬಂದಿತ್ತೋ!

ಎರಡನೆಯ ಸಲ ಪಾಸಾದೆ. ಕಾರ್ಡು ಅಂಚೆಯಲ್ಲಿ ಬಂದ ದಿನ ವಾರಿಜಳ ಕೈಗೆ ಕೊಟ್ಟೆ. ಅವಳು ಫೋಟೋವನ್ನು ಬಹಳ ಹೊತ್ತು ನೋಡಿದಳು. “ಹೆದರಿದ ಕರುವಿನ ಹಾಗೆ ಉಂಟು,” ಎಂದಳು. ಅಪಘಾತದ ನಂತರ ಅವಳು ಗೇಲಿ ಮಾಡಿದ್ದು ಅದೇ ಮೊದಲು.

ಮೊದಮೊದಲ ಪುತ್ತೂರು ಪ್ರಯಾಣಗಳನ್ನು ನಾನು ವರ್ಣಿಸುವುದಿಲ್ಲ. ನೆಲ್ಯಾಡಿಯ ಮೇಲೆ ಹೆದ್ದಾರಿ ಹಿಡಿದರೆ ಹತ್ತಿರ. ಆದರೆ ಅಲ್ಲಿ ಲಾರಿಗಳಿವೆ. ಹಾಗಾಗಿ ಕಡಬ, ಆಲಂಕಾರು, ಕೊಯಿಲದ ಮೇಲೆ ಸುತ್ತಿ ಹೋಗುತ್ತಿದ್ದೆ. ವಾರಿಜ ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕನ್ನು ಒತ್ತುತ್ತಾ, “ಹಾರ್ನ್... ಹಾರ್ನ್ ಹೊಡೀರಿ... ಬಸ್ಸು ನಿಮ್ಮನ್ನು ನೋಡ್ತದೆ, ನೀವು ಬಸ್ಸನ್ನು ನೋಡುದಿಲ್ಲ,” ಎನ್ನುತ್ತಿದ್ದಳು. ಯಜಮಾನನ ಸ್ಥಾನ ಅಷ್ಟು ಸುಮ್ಮನೆ ಕೂರುವಂಥದ್ದಲ್ಲವೆಂದು ಅವಳಿಗೂ ಗೊತ್ತಾಗಿರಬೇಕು. ಕೊಯಿಲದಲ್ಲಿ ಜಾನುವಾರು ಕೇಂದ್ರದ ಹುಲ್ಲುಗಾವಲು ಬಂದಾಗ ಮಾತ್ರ ಬಾಯಿ ಮುಚ್ಚಿ ಕಿಟಕಿಯ ಆಚೆ ನೋಡುತ್ತಿದ್ದಳು. ಮೇಯುವ ದನಗಳು ಹಿಂದೆ ಸರಿದುಹೋಗುವವರೆಗೆ ಕತ್ತು ತಿರುಗಿಸಿಕೊಂಡೇ ಇರುತ್ತಿದ್ದಳು.

ಫೆಬ್ರವರಿಯ ಒಂದು ಮಧ್ಯಾಹ್ನ, ಫಿಸಿಯೋಥೆರಪಿ ಮುಗಿಸಿ ಹಿಂದೆ ಬರುತ್ತಿದ್ದೆವು. ಕೊಯಿಲ ದಾಟುವಾಗ ಅವಳ ಫೋನು ಬಡಿಯಿತು. ನೋಡಿ ಮಡಿಲಲ್ಲಿಟ್ಟಳು. ಅದು ನಿಂತು ಮತ್ತೆ ಬಡಿಯಿತು, ಮತ್ತೆ ನಿಂತು ಬಡಿಯಿತು. ಮೂರನೆಯ ಸಲ ಎತ್ತಿದಳು. ಅಲ್ಲೇ ಒಳಗಿನ ಗುಡ್ಡದ ದೇವಕಿ. ಒಂದೇ ದನ ಇರುವ ಮನೆ. ದನಕ್ಕೆ ನೀರಚೀಲ ಒಡೆದು ಒಂದೂವರೆ ಗಂಟೆಯಾಗಿದೆ, ಕರು ಬರುತ್ತಿಲ್ಲ. ಗಂಡ ಮಂಗಳೂರಿಗೆ ಹೋಗಿದ್ದಾರೆ. ಡಾಕ್ಟರು ಇನ್ನೆಲ್ಲೋ ದೂರದ ಹಳ್ಳಿಯಲ್ಲಿದ್ದಾರೆ, ಬರಲು ಎರಡು ಗಂಟೆಯಾಗಬಹುದಂತೆ.

“ದೇವಕಿ, ನನ್ನ ಕೈ ಆಗುದಿಲ್ಲ ಅಂತ ನಿನಗೆ ಗೊತ್ತುಂಟಲ್ಲ,” ಎಂದಳು ವಾರಿಜ. ಆಚೆಯಿಂದ ಅಳು ನನಗೂ ಕೇಳಿಸಿತು.

ನಾನು ಗಾಡಿಯನ್ನು ಬದಿಗೆ ತೆಗೆದು ನಿಲ್ಲಿಸಿದೆ. “ಎತ್ಲಾಗಿ ತಿರುಗಿಸ್ಬೇಕು?” ಎಂದು ಕೇಳಿದೆ.

ಅವಳು ನನ್ನನ್ನು ನೋಡಿದಳು. “ಮಣ್ಣಿನ ರಸ್ತೆ. ಏರು. ನಿಮಗೆ ಆಗುದಿಲ್ಲ.”

“ಎತ್ಲಾಗಿ?”

“ಎಡಕ್ಕೆ,” ಎಂದಳು.

ಏರು ಹೇಗೆ ಹತ್ತಿತೆಂದು ಕೇಳಬೇಡಿ. ಎರಡು ಕಡೆ ಎಂಜಿನ್ ನಿಂತಿತು, ಒಂದು ಕಡೆ ಬದಿಯ ಮಣ್ಣಿನ ದರೆಗೆ ಉಜ್ಜಿತು. ಕಾರಿನ ಬದಿಯಲ್ಲಿ ಆ ಗೀರು ಇವತ್ತಿಗೂ ಇದೆ. ದೇವಕಿಯ ಅಂಗಳ ತಲುಪಿದಾಗ ನನ್ನ ಬೆನ್ನಿಗೆ ಅಂಗಿ ಅಂಟಿತ್ತು. ವಾರಿಜ ಬಾಗಿಲು ತೆರೆದು ಹಟ್ಟಿಗೆ ನಡೆದಾಗಿತ್ತು.

ಕಪ್ಪು ಬಿಳುಪಿನ ದನ. ಕಣ್ಣಗುಡ್ಡೆ ಹೊರಗೆ ಬಂದಂತಿತ್ತು. ದೇವಕಿ ಅದರ ಕತ್ತು ತಬ್ಬಿಕೊಂಡು ನಿಂತಿದ್ದಳು. ಅವಳು ಕೈಬಿಟ್ಟರೆ ಅದು ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ವಾರಿಜ ಹಿಂದೆ ಬಗ್ಗಿ ನೋಡಿದಳು. ಬಲಗೈಯನ್ನು ತೊಳೆದು ಒಳಗೆ ಹಾಕಲು ಪ್ರಯತ್ನಿಸಿದಳು. ಬಗ್ಗಿದೊಡನೆ ಎಡಭುಜ ಹಿಡಿದುಕೊಂಡಿತು. ಗೋಡೆ ಹಿಡಿದು ನಿಂತಳು. ಅವಳ ಕಣ್ಣಲ್ಲಿ ನೀರಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಅದನ್ನು ನೋಡಿದ್ದು ಎರಡು ಸಲವೋ ಮೂರು ಸಲವೋ.

“ಒಂದು ಕಾಲು ಮಾತ್ರ ಬಂದದ್ದು. ಇನ್ನೊಂದು ಒಳಗೆ ಮಡಚಿಕೊಂಡಿದೆ. ಅದನ್ನು ಸರಿ ಮಾಡದಿದ್ರೆ ದನ, ಕರು ಎರಡೂ ಹೋಗ್ತದೆ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಅಂಗಿ ತೋಳು ಮಡಚಿ,” ಎಂದಳು.

“ಯಾರು, ನಾನಾ?”

“ಇಲ್ಲಿ ಬೇರೆ ಯಾರಿದ್ದಾರೆ? ಭುಜದವರೆಗೆ ಸಾಬೂನು ಹಾಕಿ ತೊಳೀರಿ. ಆಮೇಲೆ ಎಣ್ಣೆ.”

ಸೀಮೆಸುಣ್ಣ ಬಿಟ್ಟು ಬೇರೇನನ್ನೂ ಹೆಚ್ಚಾಗಿ ಹಿಡಿಯದ ಕೈ ಇದು. ತೊಳೆದೆ. ತೆಂಗಿನೆಣ್ಣೆ ಸುರಿದುಕೊಂಡೆ. ದನದ ಹಿಂದೆ ಮಂಡಿಯೂರಿದೆ. ಒಳಗೆ ಹೋದ ಕೈಗೆ ಮೊದಲು ತಾಗಿದ್ದು ಶಾಖ. ಜ್ವರದ ಹಾಗಿನ ಶಾಖ. ದನ ನೋವಿಗೆ ತಿಣುಕಿ ಮುಕ್ಕಿದಾಗ ಮೊಣಕೈಯವರೆಗೆ ಕೈ ನಜ್ಜುಗುಜ್ಜಾಗುವಂತೆ ಹಿಂಡಿತು. ನಾನು ಕೂಗಿದೆನೆಂದು ಕಾಣುತ್ತದೆ.

“ಕಣ್ಣು ಮುಚ್ಚಿ. ಕೈಯಲ್ಲೇ ನೋಡಿ,” ಎಂದಿತು ವಾರಿಜಳ ದನಿ, ಕಿವಿಯ ಹತ್ತಿರ. “ಎಂತ ಸಿಕ್ಕಿತು?”

“ಏನೋ ಮೆತ್ತಗೆ... ಒದ್ದೆ ಕಂಬಳಿಯ ಹಾಗೆ...”

“ಯಾವುದರ ಹಾಗೆ ಉಂಟು ಅಂತ ಹೇಳ್ಬೇಡಿ ಮಾರಾಯ್ರೆ. ಎಂತ ಅಂತ ಹೇಳಿ.”

ನಾನು ಬಾಯಿ ಮುಚ್ಚಿ ಬೆರಳು ಸರಿಸಿದೆ. “ಮೂಗು,” ಎಂದೆ. “ಎರಡು ಹೊಳ್ಳೆ. ಬಾಯಿ.”

“ಬಾಯಿಯೊಳಗೆ ಬೆರಳು ಹಾಕಿ.”

ಹಾಕಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒರಟಾದ ಸಣ್ಣ ನಾಲಿಗೆಯೊಂದು ನನ್ನ ಬೆರಳನ್ನು ಸುತ್ತಿಕೊಂಡು ಚೀಪಿತು.

“ಚೀಪ್ತಾ ಉಂಟು!” ಎಂದು ನಾನು ಕಿರುಚಿದೆ. ಹಟ್ಟಿಯ ಆ ಕಡೆ ದೇವಕಿ ಅಳತೊಡಗಿದಳು.

ವಾರಿಜ ಅಳಲಿಲ್ಲ. ಅವಳ ದನಿ ಈಗ ಪೂರ್ತಿ ಹಳೆಯ ದನಿ. ತಲೆಯನ್ನು ಅಂಗೈಯಿಂದ ಮೆಲ್ಲ ಹಿಂದಕ್ಕೆ ಒತ್ತಿ, ದನ ಮುಕ್ಕುವಾಗ ಸುಮ್ಮನಿರಿ, ಅದು ಉಸಿರು ಬಿಟ್ಟಾಗ ಒತ್ತಿ. ಎದೆಯಿಂದ ಕೆಳಗೆ ಹೋಗಿ, ಮೊಣಕಾಲು ಸಿಗ್ತದೆ. ಸಿಕ್ಕಿತಾ? ಅಲ್ಲಿಂದ ಇಳಿದು ಗೊರಸು. ಗೊರಸಿನ ತುದಿಯನ್ನು ಅಂಗೈಯಲ್ಲಿ ಮುಚ್ಚಿಕೊಳ್ಳಿ, ಇಲ್ಲದಿದ್ದರೆ ಒಳಗೆ ಹರೀತದೆ. ಈಗ ನಿಮ್ಮ ಕಡೆಗೆ ತನ್ನಿ. ಮೆಲ್ಲ. ಇನ್ನೂ ಮೆಲ್ಲ. ಅವಳು ಹೇಳಿದಳು, ನಾನು ಮಾಡಿದೆ. ಎಷ್ಟು ಹೊತ್ತೋ ತಿಳಿಯದು. ಮನಸ್ಸು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೂರದಷ್ಟು ಹೊತ್ತು ಒಂದೇ ಕಡೆ, ಒಂದು ಸಣ್ಣ ಗೊರಸಿನ ತುದಿಯಲ್ಲಿ, ಕೂತಿತ್ತು.

ಕಾಲು ನೇರವಾಯಿತು. ಎರಡು ಮುಂಗಾಲಿಗೆ ಬಟ್ಟೆ ಸುತ್ತಿ, ದನ ಮುಕ್ಕಿದಾಗಲೆಲ್ಲ ಕೆಳಮುಖವಾಗಿ ಎಳೆದೆ. ಕೊನೆಗೆ ಕರು ಒಮ್ಮೆಗೇ ಜಾರಿ ನನ್ನ ಮಡಿಲಿಗೆ ಬಿತ್ತು. ನಾನು ಹಿಂದಕ್ಕೆ ಸಗಣಿಯಲ್ಲಿ ಬಿದ್ದೆ. ವಾರಿಜ ಬಲಗೈಯಿಂದ ಅದರ ಮೂಗಿನ ಲೋಳೆ ತೆಗೆದು, ಹುಲ್ಲುಕಡ್ಡಿಯಿಂದ ಹೊಳ್ಳೆ ಕೆಣಕಿದಳು. ಕರು ಸೀನಿತು. ಹೆಣ್ಣುಕರು. ತಾಯಿ ತಿರುಗಿ ಅದನ್ನು ನೆಕ್ಕಲು ಶುರುಮಾಡಿತು. ಕರುವಿನ ಪಕ್ಕದಲ್ಲಿ ಬಿದ್ದಿದ್ದ ನನ್ನ ಮೊಣಕೈಯನ್ನೂ ನೆಕ್ಕಿತು.

ಹೊರಡುವಾಗ ಐದು ಗಂಟೆ ದಾಟಿತ್ತು. ದೇವಕಿ ಬಿಸಿನೀರು ಕೊಟ್ಟಿದ್ದಳು, ಆದರೂ ನನ್ನ ಅಂಗಿ ಮುಟ್ಟುವ ಸ್ಥಿತಿಯಲ್ಲಿರಲಿಲ್ಲ. ಇಳಿಜಾರು ಮುಗಿಯಿತು. ಡಾಮರು ರಸ್ತೆ ಸಿಕ್ಕಿತು, ಆಲಂಕಾರು ಹೋಯಿತು. ವಾರಿಜ ಹಾರ್ನ್ ಹೊಡೆಯಲು ಹೇಳಲಿಲ್ಲ. ಕಡಬದ ಪೇಟೆಯಲ್ಲಿ ಬಸ್ಸೊಂದು ಮೈಮೇಲೆ ಬಂದಾಗಲೂ ಮಾತಿಲ್ಲ. ಸಿಟ್ಟು ಬಂದಿದೆಯೋ ಎಂದು ಓರೆಗಣ್ಣಲ್ಲಿ ನೋಡಿದರೆ, ತಲೆಯನ್ನು ಕಿಟಕಿಗೆ ಆನಿಸಿ ನಿದ್ದೆ ಹೋಗಿದ್ದಾಳೆ. ಬಾಯಿ ಸ್ವಲ್ಪ ತೆರೆದಿತ್ತು. ನೋವಿನ ಕೈ ಮಡಿಲಲ್ಲಿ ಸಡಿಲವಾಗಿ ಬಿದ್ದಿತ್ತು. ಮೂರು ತಿಂಗಳಿಂದ ಅವಳು ಅಷ್ಟು ಚೆನ್ನಾಗಿ ಮಲಗಿದ್ದನ್ನು ನಾನು ನೋಡಿರಲಿಲ್ಲ.

ಹೊಂಡಗಳನ್ನು ಒಂದೊಂದಾಗಿ ತಪ್ಪಿಸುತ್ತಾ ಬಂದೆ. ನಮ್ಮ ಮನೆಯ ತಿರುವು ಬಂತು. ತಿರುಗಿಸಿದರೆ ಕಲ್ಲಿನ ದಾರಿ, ಕುಲುಕಾಟ, ಅವಳು ಏಳುತ್ತಾಳೆ. ನಾನು ತಿರುಗಿಸಲಿಲ್ಲ. ನೇರ ಹೋದೆ. ಹೊಳೆಯ ಸೇತುವೆ ದಾಟಿದೆ. ಎಲ್ಲಿಗೆ ಎಂದು ಯೋಚಿಸಿರಲಿಲ್ಲ. ಹೆದ್ದಾರಿಯ ಲಾರಿಗಳ ಸದ್ದು ಹತ್ತಿರವಾದಾಗ ಅವಳಿಗೆ ಎಚ್ಚರವಾಯಿತು.

“ಇದೆಂತ? ನೆಲ್ಯಾಡಿ ಬಂತಲ್ಲ?”

“ಹೌದು.”

“ಮನೆ?”

“ಹಿಂದೆ ಹೋಯ್ತು.”

ಸೆರಗಿನಿಂದ ಮುಖ ಒರೆಸಿಕೊಂಡು, “ಹಾಗಾದ್ರೆ ಒಂದು ಚಾ ಕುಡಿದೇ ಹೋಗುವ,” ಎಂದಳು.

ರಸ್ತೆಬದಿಯ ಹೋಟೆಲಿನ ಮುಂದೆ ನಿಲ್ಲಿಸಿದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದವರು ಅವಳನ್ನು ಕಂಡು ಎದ್ದು ಬಂದರು. ಅವರ ಮನೆಯ ದನವನ್ನೂ ಎಂದೋ ಇವಳೇ ಉಳಿಸಿದ್ದಳಂತೆ. ಕೈಯ ಬಗ್ಗೆ ವಿಚಾರಿಸಿದರು, ನಿಟ್ಟುಸಿರು ಬಿಟ್ಟರು. ಆಮೇಲೆ ಅವರ ಕಣ್ಣು ನನ್ನ ಕೆದರಿದ ತಲೆ, ಸಗಣಿ ಹತ್ತಿದ ಪಂಚೆ, ಕೈಯಲ್ಲಿದ್ದ ಕಾರಿನ ಕೀಲಿ ಎಲ್ಲದರ ಮೇಲೆ ಹರಿದು ಬಂತು.

“ಡ್ರೈವರ್ ಇಟ್ಟುಕೊಂಡದ್ದಾ ಡಾಕ್ಟ್ರಮ್ಮ? ಒಳ್ಳೇದಾಯ್ತು,” ಎಂದರು.

ವಾರಿಜ ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಹೌದು, ಹೊಸಬರು. ಕಲೀತಾ ಇದ್ದಾರೆ,” ಎಂದಳು. “ಅವರ ಚಾಕ್ಕೆ ಸ್ವಲ್ಪ ಸಕ್ಕರೆ ಜಾಸ್ತಿ ಹಾಕಿ. ಇವತ್ತು ಏರು ಹತ್ತಿಸಿದ್ದಾರೆ.”